ಡೀಸೆಲ್ಲೋ, ಕರೆಂಟೋ, ಎರಡೂ ಬೆರೆತದ್ದೋ: ಭಾರಿ ಲಾರಿ ಕೊಳ್ಳುವ ಮೊದಲು ಟ್ರಿಪ್ ಶೀಟ್ ತೆಗೆಯಿರಿ

ಹೊಸ ಲಾರಿಗೆ ಸಾಲ ಹುಡುಕುತ್ತಿರುವವರ ತಲೆಯಲ್ಲಿ ಈಗ ಒಂದೇ ಪ್ರಶ್ನೆ. ಡೀಸೆಲ್ ಗಾಡಿ ತೆಗೆದುಕೊಂಡರೆ ಕಂತು ತೀರುವಷ್ಟರಲ್ಲಿ ಅದನ್ನು ಕೇಳುವವರೇ ಇಲ್ಲದಂತಾಗುತ್ತದೆಯೇ? ಎಲೆಕ್ಟ್ರಿಕ್ ತೆಗೆದುಕೊಂಡರೆ ನಡುದಾರಿಯಲ್ಲಿ ನಿಲ್ಲಬೇಕಾಗುತ್ತದೆಯೇ? ಮಧ್ಯದ ದಾರಿ ಅಂತ ಹೈಬ್ರಿಡ್ ಒಂದಿದೆಯಲ್ಲ, ಅದು ಎಲ್ಲಿ ಸಿಗುತ್ತದೆ?

ಬ್ರೋಷರ್ ಪಕ್ಕಕ್ಕಿಡಿ. ನಿಮ್ಮ ಗಾಡಿಯ ಕಳೆದ ಆರು ತಿಂಗಳ ಟ್ರಿಪ್ ಶೀಟ್ ಎದುರಿಗಿಟ್ಟುಕೊಳ್ಳಿ. ದಿನಕ್ಕೆ ಎಷ್ಟು ಕಿಲೋಮೀಟರ್, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ, ಲೋಡ್ ಏರಿಗೋ ಇಳಿಜಾರಿಗೋ, ವಾಪಸ್ ಖಾಲಿಯೋ ಭರ್ತಿಯೋ. ಯಾವ ಲಾರಿ ಅನ್ನುವುದನ್ನು ಈ ನಾಲ್ಕು ಸಂಗತಿಗಳೇ ತೀರ್ಮಾನಿಸುತ್ತವೆ. ಭವಿಷ್ಯ ಎಲೆಕ್ಟ್ರಿಕ್ಕಿನದ್ದೇ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಭವಿಷ್ಯ ಎಲ್ಲ ರೂಟಿಗೂ ಒಂದೇ ದಿನ ಬರುವುದಿಲ್ಲ.

ಮೊದಲು ಕಿಲೋಮೀಟರಿನ ಲೆಕ್ಕ

55 ಟನ್ನಿನ ಟ್ರೇಲರ್ ಎಳೆಯುವ ಗಾಡಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ನಮ್ಮಲ್ಲಿ ಟಾಟಾ, ಅಶೋಕ್ ಲೇಲ್ಯಾಂಡ್, ಮೊಂಟ್ರಾ ಈ ವರ್ಗದಲ್ಲಿ ಎಲೆಕ್ಟ್ರಿಕ್ ಗಾಡಿ ಬಿಟ್ಟಿವೆ. ಮೊಂಟ್ರಾ ಕಂಪನಿಯ ರೈನೊ 5538 ಗಾಡಿಗೆ 282 ಯೂನಿಟ್ಟಿನ ಬ್ಯಾಟರಿ. ಯೂನಿಟ್ ಎಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಕಂಪನಿ ಹೇಳುವ ಓಟ 198 ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಸುಮಾರು 1.4 ಯೂನಿಟ್. ಚಾರ್ಜ್ ಮಾಡುವಾಗ ಶಾಖವಾಗಿ ಸೋರಿಹೋಗುವುದನ್ನು ಸೇರಿಸಿದರೆ ಮೀಟರ್ ತೋರಿಸುವುದು 1.55ರ ಆಸುಪಾಸು.

ಸ್ವಂತ ಯಾರ್ಡಿನಲ್ಲಿ ಎಲ್ಲ ಸೇರಿ ಯೂನಿಟ್ಟಿಗೆ 9 ರೂಪಾಯಿ ಬಿತ್ತು ಅನ್ನಿ, ಕಿಲೋಮೀಟರಿಗೆ 14 ರೂಪಾಯಿ. ಅದೇ ತೂಕದ ಡೀಸೆಲ್ ಗಾಡಿ ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟು, ಡೀಸೆಲ್ 91 ರೂಪಾಯಿ ಇದ್ದರೆ 30 ರೂಪಾಯಿ. ಅದರ ಮೇಲೆ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರಾವಣದ ಖರ್ಚು ಒಂದು ರೂಪಾಯಿ. ಹಾಗಾಗಿ ಪ್ರತಿ ಕಿಲೋಮೀಟರಿಗೆ 17 ರೂಪಾಯಿ ಉಳಿತಾಯ. ಇಷ್ಟು ಕೇಳಿದ ಕೂಡಲೇ ಯಾರಾದರೂ ಎಲೆಕ್ಟ್ರಿಕ್ ಬುಕ್ ಮಾಡಿಬಿಡುತ್ತಾರೆ. ಸ್ವಲ್ಪ ತಡೆಯಿರಿ.

ಹೆದ್ದಾರಿಯ ಸಾರ್ವಜನಿಕ ಚಾರ್ಜರಿನಲ್ಲಿ ಜಿಎಸ್‌ಟಿ ಸೇರಿ ಯೂನಿಟ್ಟಿಗೆ 18 ರೂಪಾಯಿ ಕೊಡಬೇಕಾಗಿ ಬಂದರೆ ಅದೇ ಲಾರಿಯ ಖರ್ಚು ಕಿಲೋಮೀಟರಿಗೆ 28 ರೂಪಾಯಿಗೆ ಏರುತ್ತದೆ. ಉಳಿಯುವುದು ಮೂರು ರೂಪಾಯಿ. ಗಾಡಿಯ ಬೆಲೆ ಡೀಸೆಲ್ಲಿನ ಎರಡು ಮೂರು ಪಟ್ಟು ಇರುವಾಗ ಮೂರು ರೂಪಾಯಿಯಿಂದ ಯಾವ ಸಾಲವೂ ತೀರುವುದಿಲ್ಲ. ಆದ್ದರಿಂದ ಎಲೆಕ್ಟ್ರಿಕ್ ಲಾರಿಯ ವ್ಯಾಪಾರ ನಿಜವಾಗಿ ನಿಂತಿರುವುದು ಗಾಡಿಯ ಮೇಲಲ್ಲ, ಕರೆಂಟ್ ಎಲ್ಲಿಂದ ಯಾವ ದರಕ್ಕೆ ಬರುತ್ತದೆ ಅನ್ನುವುದರ ಮೇಲೆ.

ಡೀಸೆಲ್ ಗಾಡಿಗಿಂತ ಎಲೆಕ್ಟ್ರಿಕ್ಕಿಗೆ 70 ಲಕ್ಷ ಹೆಚ್ಚಿಗೆ ಕೊಟ್ಟಿರಿ, ಸಬ್ಸಿಡಿಯಾಗಿ ಸುಮಾರು 10 ಲಕ್ಷ ಇಳಿಯಿತು ಅಂದುಕೊಳ್ಳಿ. ಉಳಿದ 60 ಲಕ್ಷವನ್ನು 17 ರೂಪಾಯಿಯಂತೆ ದುಡಿದು ತೀರಿಸಲು ಮೂರೂವರೆ ಲಕ್ಷ ಕಿಲೋಮೀಟರ್ ಓಡಬೇಕು. ದಿನಕ್ಕೆ 200 ಕಿಲೋಮೀಟರ್, ವರ್ಷಕ್ಕೆ 300 ದಿನ ಓಡಿಸಿದರೆ ಆರು ವರ್ಷ. ದಿನಕ್ಕೆ 400 ಓಡಿಸಿದರೆ ಮೂರು ವರ್ಷ. ಬಡ್ಡಿ ಇದರಲ್ಲಿ ಸೇರಿಲ್ಲ. ಇಲ್ಲಿರುವ ಸಿಕ್ಕು ಗಮನಿಸಿ: ಎಲೆಕ್ಟ್ರಿಕ್ ಲಾಭವಾಗಬೇಕಾದರೆ ಹೆಚ್ಚು ಓಡಬೇಕು, ಆದರೆ ಒಂದು ಚಾರ್ಜಿಗೆ ಅದು ಓಡುವುದು ಕಡಿಮೆ. ಹಗಲು ನಡುವೆ ಒಮ್ಮೆ ಚಾರ್ಜ್ ಮಾಡಲೋ, ಖಾಲಿ ಬ್ಯಾಟರಿ ತೆಗೆದು ತುಂಬಿದ್ದನ್ನು ಬದಲಿಸಿಕೊಳ್ಳಲೋ ಅವಕಾಶವಿರುವ, ಬಂದುಹೋಗುವ ದಾರಿ ಗೊತ್ತಿರುವ ಕೆಲಸವಿದ್ದರೆ ಮಾತ್ರ ಈ ಸಿಕ್ಕು ಬಿಡಿಸಿಕೊಳ್ಳುತ್ತದೆ.

ಅಂಥ ಕೆಲಸ ಕರ್ನಾಟಕದಲ್ಲಿ ಬೇಕಾದಷ್ಟಿದೆ. ಸಂಡೂರಿನ ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು, ಸೇಡಂ ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ಹತ್ತಿರದ ಗೋದಾಮಿಗೆ ಮೂಟೆ, ಬಂದರಿನಿಂದ ಕಂಟೇನರ್ ಯಾರ್ಡಿಗೆ ಪೆಟ್ಟಿಗೆ, ಕ್ವಾರಿಯಿಂದ ಕ್ರಷರಿಗೆ ಕಲ್ಲು. ಇಲ್ಲೆಲ್ಲ ಗಾಡಿ ಸಂಜೆ ಹೊರಟಲ್ಲಿಗೇ ಬರುತ್ತದೆ, ಬಾಡಿಗೆ ಕೊಡುವ ಕಂಪನಿ ಒಂದೇ, ಲೋಡಿಂಗ್ ಸರದಿಯಲ್ಲಿ ಕಾಯುವ ಹೊತ್ತು ಹೇಗೂ ವ್ಯರ್ಥ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಬ್ಯಾಟರಿ ಬದಲಿಸಬಹುದಾದ 50 ಎಲೆಕ್ಟ್ರಿಕ್ ಲಾರಿಗಳನ್ನು ಇಳಿಸಿದ್ದು ಇದೇ ಕಾರಣಕ್ಕೆ. ಬಂದರಿನ ಒಳಗಿನ ಓಟ ಚಿಕ್ಕದು, ಖಚಿತ, ಮುಗಿಯುವುದಿಲ್ಲ.

ಯಾರ್ಡಿನ ಕರೆಂಟ್

ಷೋರೂಮಿನವರು 240 ಕಿಲೋವ್ಯಾಟಿನ ಫಾಸ್ಟ್ ಚಾರ್ಜರ್ ಬಗ್ಗೆ ಮಾತಾಡುತ್ತಾರೆ. ಐದು ಗಾಡಿಗೆ ಅಂಥ ಐದು ಚಾರ್ಜರ್ ಹಾಕಿದರೆ 1.2 ಮೆಗಾವ್ಯಾಟ್, ಎಚ್‌ಟಿ (ಹೈ ಟೆನ್ಷನ್) ಸಂಪರ್ಕ, ಸ್ವಂತ ಟ್ರಾನ್ಸ್‌ಫಾರ್ಮರ್, ಪ್ರತಿ ತಿಂಗಳು ಕಟ್ಟಬೇಕಾದ ಡಿಮಾಂಡ್ ಚಾರ್ಜ್. ರಾತ್ರಿ ಒಂಬತ್ತರಿಂದ ಬೆಳಗಿನ ಮೂರರವರೆಗೆ ಗಾಡಿ ನಿಂತೇ ಇರುತ್ತದೆ ಅಂದರೆ 282 ಯೂನಿಟ್ ತುಂಬಲು ಗಂಟೆಗೆ 47 ಯೂನಿಟ್ ಸಾಕು. 60 ಕಿಲೋವ್ಯಾಟಿನ ಚಾರ್ಜರ್ ಆ ಕೆಲಸ ಆರಾಮವಾಗಿ ಮಾಡುತ್ತದೆ. ದೊಡ್ಡ ಚಾರ್ಜರ್ ಎರಡು ಶಿಫ್ಟ್ ಓಡಿಸುವವರಿಗೆ. ಒಂದು ಶಿಫ್ಟಿನವರು ಆ ದುಡ್ಡಿನಲ್ಲಿ ಮಳೆ ತಾಗದ ಶೆಡ್ ಕಟ್ಟಿಸಿಕೊಳ್ಳಲಿ.

ಇನ್ನು ತೂಕ. ಇಂಥ ಲಾರಿಗಳಲ್ಲಿ ಹಾಕುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ 282 ಯೂನಿಟ್ಟಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಡೀಸೆಲ್ ಟ್ಯಾಂಕ್ ತೆಗೆದದ್ದನ್ನು ಕಳೆದರೆ ಹೊರೆಯಲ್ಲಿ ಆಗುವ ನಷ್ಟ ಅಷ್ಟೇನಿಲ್ಲ. ಆದರೆ 600 ಯೂನಿಟ್ ಬೇಕೆಂದರೆ ಬ್ಯಾಟರಿಯೇ ನಾಲ್ಕು ಟನ್. ಸಿಮೆಂಟ್, ಅದಿರು ಹೊರುವವರಿಗೆ ಟನ್ನಿನ ಲೆಕ್ಕದಲ್ಲಿ ಬಾಡಿಗೆ. ಅವರಿಗೆ ದೊಡ್ಡ ಬ್ಯಾಟರಿ ಎಂದರೆ ಪ್ರತಿ ಟ್ರಿಪ್ಪಿನಲ್ಲೂ ಖೋತಾ. ಪಾರ್ಸೆಲ್, ಹತ್ತಿ, ಖಾಲಿ ಬಾಟಲಿಯಂಥ ಹಗುರ ಸರಕಿನವರಿಗೆ ಅದೇನೂ ತೊಂದರೆಯಲ್ಲ. ಓವರ್‌ಲೋಡ್ ಮಾಡಿ ಸರಿದೂಗಿಸುವ ಅಭ್ಯಾಸ ಇದ್ದವರು ಒಂದು ಮಾತು ನೆನಪಿಡಿ: ಎಲೆಕ್ಟ್ರಿಕ್ ಗಾಡಿ ತನ್ನ ಓಟ, ತೂಕ, ಬ್ಯಾಟರಿಯ ಬಿಸಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ವಾರಂಟಿ ಕೇಳಲು ಹೋದಾಗ ಕಂಪನಿಯವರು ಮೊದಲು ನೋಡುವುದು ಅದನ್ನೇ.

ಶಿರಾಡಿಯಲ್ಲಿ ಏನಾಗುತ್ತದೆ

ಘಾಟಿ ಇರುವ ರೂಟಿನವರು ಇದನ್ನು ನಿಧಾನವಾಗಿ ಓದಿ.

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿಂದ ಗುಂಡ್ಯದ ಕಡೆ ಇಳಿಯುವುದನ್ನು ಲೆಕ್ಕಕ್ಕೆ 800 ಮೀಟರ್ ಎಂದಿಟ್ಟುಕೊಳ್ಳೋಣ. 55 ಟನ್ ತೂಕವನ್ನು 800 ಮೀಟರ್ ಎತ್ತಲು ಬೇಕಾಗುವ ಶಕ್ತಿ ಸರಿಯಾಗಿ 120 ಯೂನಿಟ್. ಡೀಸೆಲ್ ಎಂಜಿನ್ ಆ ಕೆಲಸಕ್ಕೆ ಸುಮಾರು 30 ಲೀಟರ್ ಕುಡಿಯುತ್ತದೆ. ಅದೇ ಲೋಡ್ ಇಳಿಯುವಾಗ ಆ 120 ಯೂನಿಟ್ ಎಲ್ಲಿಗೆ ಹೋಯಿತು? ಬ್ರೇಕ್ ಡ್ರಮ್ಮಿನಲ್ಲಿ, ಎಕ್ಸಾಸ್ಟ್ ಬ್ರೇಕಿನಲ್ಲಿ, ಘಾಟಿಯ ಗಾಳಿಯಲ್ಲಿ. ಶಿರಾಡಿ ಇಳಿದು ಬಂದ ಲಾರಿಯ ಚಕ್ರದ ಹತ್ತಿರ ನಿಂತರೆ ಬರುವ ಸುಟ್ಟ ಲೈನರ್ ವಾಸನೆಯೇ ಆ ಡೀಸೆಲ್.

ಎಲೆಕ್ಟ್ರಿಕ್ ಲಾರಿ ಇಳಿಯುವಾಗ ಮೋಟಾರೇ ಜನರೇಟರ್ ಆಗುತ್ತದೆ. ಟೈರಿನ ಘರ್ಷಣೆ, ಗಾಳಿ, ಬ್ಯಾಟರಿಯಲ್ಲಿ ಸೋರುವುದು ಎಲ್ಲ ಕಳೆದರೂ ಸುಮಾರು 60 ಯೂನಿಟ್ ವಾಪಸ್ ಬರಬೇಕು, ಸಮತಟ್ಟಿನಲ್ಲಿ 40 ಕಿಲೋಮೀಟರ್ ಓಡುವಷ್ಟು. ಒಂದೇ ಷರತ್ತು: ಬ್ಯಾಟರಿಯಲ್ಲಿ ಜಾಗ ಇರಬೇಕು. ಘಾಟಿಯ ನೆತ್ತಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಲು ಹೊರಟರೆ ಆ ಕರೆಂಟ್ ತುಂಬಿಕೊಳ್ಳಲು ಸ್ಥಳವಿಲ್ಲದೆ ಮೋಟಾರಿನ ಹಿಡಿತವೇ ಕಡಿಮೆಯಾಗುತ್ತದೆ, ಭಾರವೆಲ್ಲ ಮತ್ತೆ ಬ್ರೇಕಿನ ಮೇಲೆ. ಹಾಸನದಲ್ಲೋ ಸಕಲೇಶಪುರದಲ್ಲೋ ಚಾರ್ಜ್ ಹಾಕುವ ಡ್ರೈವರಿಗೆ ಶೇಕಡಾ 70ಕ್ಕೆ ಪ್ಲಗ್ ಕಿತ್ತು ಹೊರಡಿ ಅಂತ ಹೇಳಿಕೊಡಬೇಕು. ಡೀಸೆಲ್ ಡ್ರೈವರಿಗೆ ಫುಲ್ ಟ್ಯಾಂಕ್ ಮಾಡಿಸುವುದೇ ಸಮಾಧಾನ. ಇಲ್ಲಿ ಅದು ತಪ್ಪು.

ಈಗ ಎದುರು ದಿಕ್ಕು. ಮಂಗಳೂರು ಬಂದರಿನಲ್ಲಿ ಕಲ್ಲಿದ್ದಲೋ ಗೊಬ್ಬರವೋ ತುಂಬಿಕೊಂಡು ಮೇಲೆ ಬರುವ ಗಾಡಿ. ಸಕಲೇಶಪುರಕ್ಕೆ ಸುಮಾರು 130 ಕಿಲೋಮೀಟರ್, ಕಂಪನಿ ಹೇಳಿದ 198ರ ಒಳಗೇ ಇದೆ. ಆದರೆ ಕೆಳಗಿನ 90-95 ಕಿಲೋಮೀಟರಿಗೆ 120 ಯೂನಿಟ್ಟಿಗೂ ಮೇಲೆ, ಏರಿಗೆ ಎತ್ತುವ ಶಕ್ತಿ, ಘರ್ಷಣೆ, ನಷ್ಟ ಎಲ್ಲ ಸೇರಿ 170ರ ಹತ್ತಿರ. ಒಟ್ಟು 290. ಬ್ಯಾಟರಿ 282. ನೆಲ್ಯಾಡಿ ಆಸುಪಾಸಿನಲ್ಲಿ ಚಾರ್ಜ್ ಹಾಕಿಕೊಳ್ಳದೆ ಹೊರಟರೆ ಗಾಡಿ ಘಾಟಿಯ ತಿರುವಿನಲ್ಲಿ ನಿಲ್ಲುತ್ತದೆ, ಅದರ ಹಿಂದೆ ಇಡೀ ಹೆದ್ದಾರಿ ನಿಲ್ಲುತ್ತದೆ. ಬ್ರೋಷರಿನ ಓಟ ಸಮತಟ್ಟಿನದ್ದು. ನಿಮ್ಮ ರೂಟಿನಲ್ಲಿ ಪ್ರತಿ 100 ಮೀಟರ್ ಏರಿಗೆ 15 ಯೂನಿಟ್ ಬೇರೆಯೇ ಎತ್ತಿಡಿ.

ಲೋಡ್ ಇಳಿಜಾರಿಗೆ ಇದ್ದು ವಾಪಸ್ ಖಾಲಿ ಏರುವ ಕೆಲಸವಾದರಂತೂ ಎಲೆಕ್ಟ್ರಿಕ್ ಲಾರಿಗೆ ಹಬ್ಬ. ಸ್ವಿಟ್ಜರ್ಲೆಂಡಿನ ಬೀಲ್ ನಗರದ ಹತ್ತಿರ ಸಿಮೆಂಟ್ ಕಾರ್ಖಾನೆಯೊಂದರ ಕ್ವಾರಿಯಲ್ಲಿ ಕೊಮಾಟ್ಸು ಡಂಪರ್ ಒಂದರ ಎಂಜಿನ್ ತೆಗೆದು ಬ್ಯಾಟರಿ ಕೂರಿಸಿದರು. ಖಾಲಿ ಮೇಲೆ ಹೋಗುವುದು, ಸುಮಾರು 65 ಟನ್ ಕಲ್ಲು ಹೊತ್ತು ಕೆಳಗಿಳಿಯುವುದು. ಇಳಿಯುವಾಗ ಹುಟ್ಟುವ ಕರೆಂಟ್ ಏರಲು ಬೇಕಾದದ್ದಕ್ಕಿಂತ ಹೆಚ್ಚು. ಗುಡ್ಡದ ಮೇಲಿನ ಗಣಿಯಿಂದ ಬಯಲಿಗೆ ಅದಿರು ಇಳಿಸುವ ನಮ್ಮ ಟಿಪ್ಪರ್ ಮಾಲೀಕರು ಯೋಚಿಸಬೇಕಾದ ಉದಾಹರಣೆ ಇದು.

ಹೈಬ್ರಿಡ್ ಎಂಬ ನಡುದಾರಿ

ಹೈಬ್ರಿಡ್ಡಿನಲ್ಲಿ ಎರಡು ಜಾತಿ. ಒಂದರಲ್ಲಿ ಎಂಜಿನ್ ಮತ್ತು ಮೋಟಾರು ಎರಡೂ ಸೇರಿ ಚಕ್ರ ತಿರುಗಿಸುತ್ತವೆ. ಇನ್ನೊಂದರಲ್ಲಿ ಎಂಜಿನ್ ಬರೀ ಜನರೇಟರ್, ಚಕ್ರ ತಿರುಗಿಸುವುದು ಮೋಟಾರು ಮಾತ್ರ. ಎರಡನೆಯದು ನಮಗೆ ಹೊಸದೇನಲ್ಲ. ರೈಲಿನ ಡೀಸೆಲ್ ಎಂಜಿನ್ ನಡೆಯುವುದು ಹಾಗೆಯೇ, ಬೆಮೆಲ್ ಕಂಪನಿಯ 205 ಟನ್ನಿನ ಗಣಿ ಡಂಪರ್ ನಡೆಯುವುದೂ ಹಾಗೆಯೇ. ಅವುಗಳಲ್ಲಿ ಇಲ್ಲದ್ದು ಬ್ಯಾಟರಿ. ಇಳಿಜಾರಿನಲ್ಲಿ ಹುಟ್ಟುವ ಕರೆಂಟನ್ನು ರೆಸಿಸ್ಟರ್‌ಗಳಲ್ಲಿ ಕಾಯಿಸಿ ಗಾಳಿಗೆ ಬಿಡುತ್ತವೆ. ಅದಕ್ಕೊಂದು ಬ್ಯಾಟರಿ ಜೋಡಿಸಿದರೆ ಹೈಬ್ರಿಡ್ ಲಾರಿ ಸಿದ್ಧ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಎಡಿಸನ್ ಮೋಟಾರ್ಸ್ ಎಂಬ ಸಣ್ಣ ಕಂಪನಿ ದಿಮ್ಮಿ ಸಾಗಿಸುವ ಲಾರಿಗಳನ್ನು ಇದೇ ಬಗೆಯಲ್ಲಿ ಕಟ್ಟುತ್ತಿದೆ. ಅಲ್ಲಿನ ಕೆಲಸಕ್ಕೆ ಅದು ಒಗ್ಗುತ್ತದೆ: ಕಾಡಿನ ಗುಡ್ಡಕ್ಕೆ ಖಾಲಿ ಏರಬೇಕು, ದಿಮ್ಮಿ ಹೊತ್ತು ಇಳಿಯಬೇಕು, ಸುತ್ತ ಎಲ್ಲೂ ಚಾರ್ಜರ್ ಇಲ್ಲ, ಚಳಿಗಾಲ ಬ್ಯಾಟರಿಗೆ ಆಗದು. ಇದರ ಪಕ್ಕದಲ್ಲೇ ಅಮೆರಿಕದ ಹಿಲಿಯಾನ್ ಕಂಪನಿಯ ಕತೆಯನ್ನೂ ಇಡಬೇಕು. ಉದ್ದದ ಹೆದ್ದಾರಿಗೆಂದು ಜನರೇಟರ್ ಇಟ್ಟ ಎಲೆಕ್ಟ್ರಿಕ್ ಲಾರಿ ಮಾಡಲು ವರ್ಷಗಟ್ಟಲೆ ದುಡಿದು 2023ರ ನವೆಂಬರಿನಲ್ಲಿ ಆ ವಿಭಾಗವನ್ನೇ ನಿಲ್ಲಿಸಿತು.

ಕಾರಣ ಭೌತಶಾಸ್ತ್ರದಲ್ಲೇ ಇದೆ ಎಂಬುದು ನನ್ನ ತೀರ್ಮಾನ. ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಡೀಸೆಲ್ ಎಂಜಿನ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ. ಅದರ ಶಕ್ತಿಯನ್ನು ಕರೆಂಟ್ ಮಾಡಿ, ಕರೆಂಟನ್ನು ಮತ್ತೆ ತಿರುಗುವ ಶಕ್ತಿ ಮಾಡಿದರೆ ಎರಡೂ ಕಡೆ ದಲ್ಲಾಳಿಗೆ ಕಮಿಷನ್ ಕೊಟ್ಟಂತೆ. ಬ್ರೇಕ್ ಹಿಡಿಯದ ದಾರಿಯಲ್ಲಿ ವಾಪಸ್ ಪಡೆಯಲು ಏನೂ ಇರುವುದಿಲ್ಲ. ಹಾಗಾಗಿ ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ದಾಟಿ ಪುಣೆಗೆ ಓಡುವ ಗಾಡಿಗೆ ಹೈಬ್ರಿಡ್ಡಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ನಿಲ್ಲುತ್ತ ಹೊರಡುತ್ತ ಸಾಗುವ ನಗರದ ಓಟ, ಏರಿಳಿತದ ಘಾಟಿ, ವಿದ್ಯುತ್ ಇಲ್ಲದ ಕಾಡು-ಗಣಿ ಇವು ಅದರ ಜಾಗ. ಶಿರಾಡಿಯಂಥ ಘಾಟಿಗೆ 100 ಯೂನಿಟ್ಟಿನ ಬ್ಯಾಟರಿ ಇರುವ ಹೈಬ್ರಿಡ್ ಹೇಳಿಮಾಡಿಸಿದ್ದು. ದುರದೃಷ್ಟ ಎಂದರೆ ನಮ್ಮ ಮಾರುಕಟ್ಟೆಯಲ್ಲಿ ಆ ತೂಕದ ಹೈಬ್ರಿಡ್ ಲಾರಿ ಷೋರೂಮಿಗೆ ಹೋಗಿ ಕೊಳ್ಳುವಂತೆ ಸಿಗುವುದಿಲ್ಲ. ಯುರೋಪಿನಲ್ಲಿ ಸ್ಕ್ಯಾನಿಯಾ ಪ್ಲಗ್-ಇನ್ ಹೈಬ್ರಿಡ್ ಮಾರುತ್ತದೆ, ಅದೂ ನಗರದೊಳಗೆ ಹೊಗೆ ಬಿಡದೆ ಹತ್ತಾರು ಕಿಲೋಮೀಟರ್ ಓಡಲಿ ಎಂಬ ಉದ್ದೇಶಕ್ಕೆ. ಯಾರೋ ಹಳೇ ಗಾಡಿಗೆ ಹೈಬ್ರಿಡ್ ಕಿಟ್ ಕೂರಿಸಿಕೊಡುತ್ತೇವೆ ಅಂದರೆ ಆರ್‌ಸಿಯಲ್ಲಿ ಬದಲಾವಣೆ ಆಗುತ್ತದೆಯೇ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಿಗುತ್ತದೆಯೇ ಅಂತ ಆರ್‌ಟಿಒದಲ್ಲಿ ಕೇಳಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.

ಉಳಿದ ಎರಡು

ಎಲ್‌ಎನ್‌ಜಿ, ಅಂದರೆ ದ್ರವರೂಪದ ನೈಸರ್ಗಿಕ ಅನಿಲದ ಲಾರಿ ಒಮ್ಮೆ ತುಂಬಿಸಿದರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ಬ್ಲೂ ಎನರ್ಜಿಯವರ ಗಾಡಿಗಳು ರಸ್ತೆಯಲ್ಲಿವೆ. ಉದ್ದದ ರೂಟಿಗೆ ಡೀಸೆಲ್ ಬಿಟ್ಟರೆ ಇವತ್ತಿಗೆ ಪ್ರಾಯೋಗಿಕವಾದದ್ದು ಇದೊಂದೇ, ನಿಮ್ಮ ದಾರಿಯಲ್ಲಿ ಬಂಕ್ ಇದ್ದರೆ. ಅತಿಶೀತ ದ್ರವವಾದ್ದರಿಂದ ಗಾಡಿ ದಿನಗಟ್ಟಲೆ ನಿಂತರೆ ಅನಿಲ ಆವಿಯಾಗಿ ಹೋಗುತ್ತದೆ. ಲೋಡಿಗಾಗಿ ವಾರ ಕಾಯುವವರಿಗೆ ಬೇಡ.

ಹೈಡ್ರೋಜನ್ ಬಗ್ಗೆ ಇಷ್ಟು ಸಾಕು: ಟಾಟಾ ಮೋಟಾರ್ಸ್ 2025ರ ಮಾರ್ಚಿನಲ್ಲಿ 16 ಗಾಡಿಗಳ ಪರೀಕ್ಷಾರ್ಥ ಓಟ ಶುರುಮಾಡಿದೆ. ಅಮೆರಿಕದಲ್ಲಿ ಹೈಡ್ರೋಜನ್ ಲಾರಿಯ ಕನಸು ಮಾರಿದ ನಿಕೋಲಾ ಕಂಪನಿ ಅದಕ್ಕೆ ಒಂದು ತಿಂಗಳ ಮೊದಲು ದಿವಾಳಿ ಅರ್ಜಿ ಹಾಕಿತು. ಸ್ವಂತ ದುಡ್ಡಿನಲ್ಲಿ ಪ್ರಯೋಗ ಮಾಡುವ ವಸ್ತು ಇದಲ್ಲ.

ಕಾಯಬೇಕೇ?

ಉದ್ದದ ಓಟದ ಎಲೆಕ್ಟ್ರಿಕ್ ಲಾರಿ ಹೊರಗೆ ಈಗಾಗಲೇ ಇದೆ. ಮರ್ಸಿಡಿಸ್ ಇ-ಆಕ್ಟ್ರೋಸ್ 600 ಅನ್ನು 2024ರ ನವೆಂಬರಿನಿಂದ ಜರ್ಮನಿಯ ವೋರ್ಟ್ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದಾರೆ; 600 ಯೂನಿಟ್ ದಾಟಿದ ಬ್ಯಾಟರಿ, 500 ಕಿಲೋಮೀಟರ್ ಓಟ. ಒಂದು ಮೆಗಾವ್ಯಾಟಿನ ಚಾರ್ಜರ್ ಸಿಕ್ಕರೆ ಅರ್ಧ ಗಂಟೆಯಲ್ಲಿ ಶೇಕಡಾ 20ರಿಂದ 80ಕ್ಕೆ ತುಂಬುತ್ತದೆ, ಡ್ರೈವರ್ ಊಟ ಮುಗಿಸಿ ಏಳುವಷ್ಟರಲ್ಲಿ. ಯುರೋಪಿನ ಕಾನೂನು ಹೊಸ ಭಾರಿ ವಾಹನಗಳ ಇಂಗಾಲದ ಹೊಗೆ 2030ಕ್ಕೆ ಶೇಕಡಾ 45, 2040ಕ್ಕೆ ಶೇಕಡಾ 90 ಇಳಿಯಬೇಕು ಎನ್ನುತ್ತದೆ. ಚೀನಾದಲ್ಲಿ 2024ರಲ್ಲೇ ಮಾರಾಟವಾದ ಭಾರಿ ಲಾರಿಗಳಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಹೊಸ ಇಂಧನದವು, ಬಹುಪಾಲು ಎಲೆಕ್ಟ್ರಿಕ್. ಗಾಡಿ ಬರುತ್ತದೆ. ತಡವಾಗುವುದು ಹೆದ್ದಾರಿಯ ಪಕ್ಕದ ಮೆಗಾವ್ಯಾಟ್.

ಆದ್ದರಿಂದ ಆಲ್ ಇಂಡಿಯಾ ಪರ್ಮಿಟ್ಟಿನಲ್ಲಿ ಲೋಡ್ ಸಿಕ್ಕ ಕಡೆಗೆ ಓಡುವ, ಒಂದೆರಡು ಗಾಡಿಯ ಮಾಲೀಕರಿಗೆ ನನ್ನ ಸಲಹೆ: ಇರುವ ಬಿಎಸ್-6 ಗಾಡಿಯನ್ನೇ ಚೆನ್ನಾಗಿ ನೋಡಿಕೊಳ್ಳಿ, ಬೇಕಾದರೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಡೀಸೆಲ್ ತೆಗೆದುಕೊಂಡು ಸಾಲ ಚಿಕ್ಕದಾಗಿಟ್ಟುಕೊಳ್ಳಿ. ಹೊಸ ಡೀಸೆಲ್ಲಿಗೆ ಏಳು ವರ್ಷದ ದೊಡ್ಡ ಸಾಲ ಮಾತ್ರ ಈಗ ಅಪಾಯದ್ದು. ಕಾರ್ಖಾನೆ, ಬಂದರು, ಗಣಿ, ಕ್ವಾರಿಯ ನಿಗದಿತ ಓಟ ಇದ್ದು ಕಂಪನಿ ಮೂರರಿಂದ ಐದು ವರ್ಷದ ಲಿಖಿತ ಕರಾರು ಕೊಟ್ಟರೆ ಎಲೆಕ್ಟ್ರಿಕ್ಕಿಗೆ ಹೋಗಿ. ಬರೀ ಬಾಯಿಮಾತಿನ ಬಾಡಿಗೆ ನಂಬಿ ಒಂದು ಕೋಟಿಯ ಗಾಡಿ ತರಬೇಡಿ.

ಸಬ್ಸಿಡಿ ಬೇಕಾದವರಿಗೆ: ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಎಲೆಕ್ಟ್ರಿಕ್ ಲಾರಿಗಳಿಗೆ 500 ಕೋಟಿ ಇಟ್ಟಿದ್ದಾರೆ, ಒಂದು ಗಾಡಿಗೆ ಹೆಚ್ಚೆಂದರೆ 9.6 ಲಕ್ಷ. 2025ರ ಜುಲೈನಲ್ಲಿ ಬಂದ ನಿಯಮದಂತೆ ಹಳೇ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಕಡ್ಡಾಯ. ಕಂಪನಿಯವರು ಬೆಲೆಯಲ್ಲೇ ಇಳಿಸಿಕೊಡಬೇಕು, ನೀವು ಅರ್ಜಿ ಹಿಡಿದು ಅಲೆಯಬೇಕಿಲ್ಲ. ಹಣ ಮುಗಿದರೆ ಯೋಜನೆಯೂ ಮುಗಿದಂತೆ. ಜಿಎಸ್‌ಟಿಯಲ್ಲಿ ಎಲೆಕ್ಟ್ರಿಕ್ಕಿಗೆ ಶೇಕಡಾ 5, ಡೀಸೆಲ್ ಲಾರಿಗೆ 2025ರ ಸೆಪ್ಟೆಂಬರಿನಿಂದ 28ರ ಬದಲು 18. ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಪಡೆಯದ ಸಣ್ಣ ಮಾಲೀಕರಿಗೆ ಲಕ್ಷಗಳ ಮಾತು. ಎಲೆಕ್ಟ್ರಿಕ್ ಗಾಡಿಗೆ ಪರ್ಮಿಟ್ ಬೇಕಿಲ್ಲ ಎಂಬ ನಿಯಮ 2018ರಿಂದ ಇದೆ, ಚೆಕ್‌ಪೋಸ್ಟಿನಲ್ಲಿ ತೋರಿಸಲು ಆ ಅಧಿಸೂಚನೆಯ ಪ್ರತಿ ಕ್ಯಾಬಿನ್ನಿನಲ್ಲಿಟ್ಟಿರಿ.

ಪಿಎಂ ಇ-ಡ್ರೈವ್ ಯೋಜನೆಯ ನಿಯಮ ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿಲೋಮೀಟರ್, ಮೋಟಾರು ಮತ್ತು ಗಾಡಿಗೆ 5 ವರ್ಷ ಅಥವಾ 2.5 ಲಕ್ಷ ಕಿಲೋಮೀಟರ್ ವಾರಂಟಿ ಕೊಡಲೇಬೇಕು ಎನ್ನುತ್ತದೆ. ವಾರಂಟಿ ಪತ್ರದಲ್ಲಿ ನೀವು ಹುಡುಕಬೇಕಾದ ಸಾಲು ಒಂದೇ: ಬ್ಯಾಟರಿಯ ತಾಕತ್ತು ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ. ಆ ಸಂಖ್ಯೆ ಬರೆದಿಲ್ಲದಿದ್ದರೆ ಬರೆಸಿಕೊಳ್ಳಿ. ಸಹಿ ಹಾಕುವ ಮೊದಲು ಡೆಮೊ ಗಾಡಿ ಕೇಳಿ, ನಿಮ್ಮ ಡ್ರೈವರನ್ನೇ ಕೂರಿಸಿ, ನಿಮ್ಮ ಲೋಡನ್ನೇ ಹಾಕಿ, ನಿಮ್ಮ ರೂಟಿನಲ್ಲೇ ಎರಡು ದಿನ ಓಡಿಸಿ. ಹೊರಟಾಗ, ಏರಿನ ಬುಡದಲ್ಲಿ, ಏರಿನ ತುದಿಯಲ್ಲಿ, ಯಾರ್ಡಿಗೆ ಬಂದಾಗ ಬ್ಯಾಟರಿ ಶೇಕಡಾ ಎಷ್ಟಿತ್ತೆಂದು ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆದುಕೊಳ್ಳಲು ಡ್ರೈವರಿಗೆ ಹೇಳಿ. ಯಾರ್ಡಿಗೆ ಬಂದಾಗ ಶೇಕಡಾ 20ಕ್ಕಿಂತ ಕಡಿಮೆ ಉಳಿದಿದ್ದರೆ ಆ ಗಾಡಿ ಆ ರೂಟಿಗೆ ಸಣ್ಣದಾಯಿತು.